ಮೂಯಿಯ ಕೈಗುಣ

ಲ್ಯಾಪ್‌ಟಾಪಿನ ಫ್ಯಾನು ಗುರುಗುಟ್ಟುತ್ತಿದೆ, ಧೂಳು ತೆಗೆದರೆ ಸರಿಹೋದೀತು ಎಂದುಕೊಂಡು ಲಿಯೆನ್ ಅದರ ತಳ ಬಿಚ್ಚಿದ್ದೇ ತಪ್ಪಾಯಿತು. ಕೀಬೋರ್ಡಿನಿಂದ ಬರುವ ಕಾಗದದಷ್ಟು ತೆಳ್ಳನೆಯ ಪಟ್ಟಿಯೊಂದು ಅಡ್ಡ ಬಂತೆಂದು ಹಿಡಿದೆಳೆದಳು. ಪಟ್ಟಿಯನ್ನು ಕಚ್ಚಿಕೊಂಡಿದ್ದ ಕರಿ ಚಿಲಕ ಮುರಿದು, ಎಳ್ಳಿನ ಸಿಪ್ಪೆಯಂತೆ ಮೇಜಿನ ಮೇಲೆ ಉದುರಿತು. ಪಟ್ಟಿಯನ್ನು ಮತ್ತೆ ತೂರಿಸಿ ನೋಡಿದಳು. ಪರದೆ ಬೆಳಗಿತು, ಆದರೆ ಒಂದು ಅಕ್ಷರವೂ ಮೂಡಲಿಲ್ಲ.

ನಾಲ್ಕು ಗಂಟೆಗೆ ಪಾಠವಿತ್ತು. ಪ್ರಾಗ್‌ನಲ್ಲಿ ನೆಲೆಸಿರುವ ಊರವರ ಮಕ್ಕಳು ಹನ್ನೊಂದು ಜನ ವಾರಕ್ಕೊಮ್ಮೆ ಈ ಲ್ಯಾಪ್‌ಟಾಪಿನ ಮೂಲಕವೇ ಅವಳ ಹತ್ತಿರ ವಿಯೆಟ್ನಾಮಿ ಕಲಿಯುತ್ತಿದ್ದರು. ಬಾಕ್ ನಿನ್ಹ್ ಪೇಟೆಯ ಅಂಗಡಿಗೆ ಫೋನು ಮಾಡಿದರೆ, ಬೋರ್ಡೇ ಬದಲಿಸಬೇಕು, ಒಂದು ವಾರ ಹಿಡಿಯುತ್ತದೆ ಎಂದರು.

ವೀಳ್ಯ ಮೆಲ್ಲುತ್ತಿದ್ದ ಅಮ್ಮ ಇಣುಕಿ ನೋಡಿ, “ಬಿಚ್ಚೋದು ಮಾತ್ರ ಕಲಿಸಿದ್ರೇನೇ ನಿನ್ನ ಕಾಲೇಜಲ್ಲಿ?” ಎಂದಳು.

ಅಷ್ಟು ಹೊತ್ತಿಗೆ ತಮ್ಮನ ಹೆಂಡತಿ ಮೂಯಿ ಹಿತ್ತಲಿನಿಂದ ಒಳಗೆ ಬಂದಳು. ಮಗು ಹುಟ್ಟುವ ತನಕ ಆರು ವರ್ಷ ಫೋನಿನ ಫ್ಯಾಕ್ಟರಿಯಲ್ಲಿ ದುಡಿದವಳು. ಅಲ್ಲಿ ಅವಳಿಗೆ ಏನು ಕೆಲಸವೆಂದು ಲಿಯೆನ್ ಒಂದು ದಿನವೂ ಕೇಳಿರಲಿಲ್ಲ.

“ಅಕ್ಕ, ನಾನೊಂದ್ಸಲ ನೋಡ್ಲಾ?”

ಇವಳಿಗೇನು ತಿಳಿದೀತು ಎಂದು ಲಿಯೆನ್‌ಗೆ ಅನ್ನಿಸದೆ ಇರಲಿಲ್ಲ. ಆದರೂ ಕುರ್ಚಿ ಬಿಟ್ಟುಕೊಟ್ಟಳು.

ಮೂಯಿ ಸೋಪು ಹಚ್ಚಿ ಕೈ ತೊಳೆದು ಒರೆಸಿಕೊಂಡಳು. ಕಿಟಕಿಯ ಕಬ್ಬಿಣದ ಸರಳನ್ನು ಒಂದು ಗಳಿಗೆ ಮುಟ್ಟಿ ನಿಂತಳು. ಯಾಕೆಂದು ಕೇಳಿದ್ದಕ್ಕೆ, ಮೈಯಲ್ಲಿರುವ ಕರೆಂಟು ಇಳಿಯಲಿ ಎಂದಳು. ಮೊದಲು ಬ್ಯಾಟರಿಯ ಕೊಂಡಿಯನ್ನು ಉಗುರಿನಿಂದ ಎಬ್ಬಿಸಿದಳು. ಲಿಯೆನ್ ಅದನ್ನು ಮರೆತೇಬಿಟ್ಟಿದ್ದಳು. ಟಾರ್ಚು ಹಾಕಿ ನೋಡಿದರೆ ಫ್ಯಾನಿನ ಕೊಂಡಿಯಲ್ಲೂ ಒಂದು ಸಣ್ಣ ಲೋಹದ ಕಡ್ಡಿ ಬಾಗಿತ್ತು. ಹೊಲಿಗೆ ಸೂಜಿಯ ತುದಿಯಿಂದ, ಉಸಿರು ಬಿಗಿಹಿಡಿದು, ಅದನ್ನು ನೆಟ್ಟಗೆ ಮಾಡಿದಳು. ಫ್ಯಾನಿನ ರೆಕ್ಕೆಗಳಿಗೆ ಮೆತ್ತಿದ್ದ ಧೂಳನ್ನೂ ಬ್ರಶ್ಶಿನಿಂದ ತೆಗೆದಳು. ಮುರಿದ ಚಿಲಕಕ್ಕೆ ಮಾತ್ರ ಮದ್ದಿರಲಿಲ್ಲ. ಫೈಲಿನ ಪ್ಲಾಸ್ಟಿಕ್ ಹೊದಿಕೆಯಿಂದ ಪಟ್ಟಿಯಷ್ಟೇ ಅಗಲದ ಚೂರು ಕತ್ತರಿಸಿ, ಪಟ್ಟಿಯ ಬೆನ್ನಿಗಿಟ್ಟು ಎರಡನ್ನೂ ಒಟ್ಟಿಗೆ ಒಳಗೆ ತೂರಿಸಿದಳು. ಸಡಿಲವಾಯಿತು. ಇನ್ನೊಂದು ಚೂರು ಸೇರಿಸಿದಳು. ಈ ಸಲ ಪಟ್ಟಿ ಬಿಗಿಯಾಗಿ ಕೂತಿತು. ಮೇಲೊಂದು ಟೇಪು ಅಂಟಿಸಿ ಬ್ಯಾಟರಿ ಜೋಡಿಸಿ, “ಒತ್ತಿ ನೋಡಕ್ಕ” ಎಂದಳು.

ಲಿಯೆನ್ ತನ್ನ ಹೆಸರು ಒತ್ತಿದಳು. ಒಂದೊಂದೇ ಅಕ್ಷರ ಮೂಡಿತು. ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು.

ನಾಲ್ಕಕ್ಕೆ ಹನ್ನೊಂದು ಮುಖಗಳೂ ಪರದೆಯ ಮೇಲೆ ಬಂದವು. ಪಾಠ ಮುಗಿಸಿದವಳೇ ಲಿಯೆನ್ ಅಡುಗೆಮನೆಯಲ್ಲಿದ್ದ ಮೂಯಿಯ ಹತ್ತಿರ ಹೋದಳು. ಮನೆಯವರಿಗೆ ಬಾಯಿಬಿಟ್ಟು ಉಪಕಾರ ಹೇಳುವ ವಾಡಿಕೆ ಆ ಮನೆಯಲ್ಲಿರಲಿಲ್ಲ. ಆದರೂ ಅವಳು ಹೇಳಿದಳು.

“ದೊಡ್ಡ ಉಪಕಾರ ಆಯ್ತು ಮೂಯಿ. ಫ್ಯಾಕ್ಟರೀಲಿ ನೀನು ಮಾಡ್ತಿದ್ದ ಕೆಲಸ ಇದೇನಾ?”

ಮೂಯಿ ನಾಚಿಕೊಂಡಳು. “ಇದೇ ಅಕ್ಕ. ದಿನಕ್ಕೆ ಎರಡು ಸಾವಿರ ಫೋನು. ಪಟ್ಟಿ ಕೂತಿದ್ಯೋ ಇಲ್ವೋ, ಕಣ್ಣು ಮುಚ್ಚಿದ್ರೂ ಬೆರಳಿಗೆ ಗೊತ್ತಾಗುತ್ತೆ.”

ಲಿಯೆನ್ ಮಣೆ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತಳು. ಆರು ವರ್ಷದ ಕತೆಯನ್ನು ಮೊದಲಿನಿಂದ ಹೇಳು ಎಂದಳು.