ಮಂಡಿಯಲ್ಲಿ ಕೂಗಿದ ದನಿ

ನನ್ನ ಯಜಮಾನರು ಆಂಜಿನಪ್ಪನವರನ್ನು ನೀವು ನೋಡಿರುತ್ತೀರಿ, ಹೆಸರು ಮಾತ್ರ ಗೊತ್ತಿರುವುದಿಲ್ಲ. ಧಾರಾವಾಹಿಗಳಲ್ಲಿ ಹುಡುಗಿಯ ತಂದೆಯಾಗಿ ಕಣ್ಣೀರು ಹಾಕಿದ್ದಾರೆ. ಸಿನಿಮಾಗಳಲ್ಲಿ ಪೇದೆ, ಪೋಸ್ಟ್‌ಮನ್, ಪಂಚಾಯಿತಿ ಮೆಂಬರು ಎಲ್ಲಾ ಆಗಿದ್ದಾರೆ. ಎಷ್ಟೋ ಸಾರಿ ಸತ್ತಿದ್ದಾರೆ. ಹೆಣವಾಗಿ ಮಲಗಿದವರು ಏಳುವಾಗ ಕ್ಯಾಮೆರಾ ನೋಡಿ ಒಮ್ಮೆ ನಗಬೇಕು ಅನ್ನುವುದು ಅವರ ಕಸುಬಿನ ವಾಡಿಕೆ. ಅಂಥ ದಿನ ಅವರು ಹೊಸ್ತಿಲು ದಾಟುವ ಮೊದಲೇ ನಾನು ಕೇಳುತ್ತಿದ್ದೆ, "ನಕ್ಕು ಬಂದ್ರಾ?"

"ಬಂದೆ ಕಣೇ, ಮೊದ್ಲು ಮುದ್ದೆ ಹಾಕು."

ಟೇಕಲ್‌ನಿಂದ ಬೆಳಗಿನ ರೈಲಿಗೆ ಬೆಂಗಳೂರು, ಸಾಯಂಕಾಲದ ರೈಲಿಗೆ ವಾಪಸ್ಸು. ಮೂವತ್ತು ವರ್ಷ ಹೀಗೇ ನಡೆಯಿತು. ಪಾತ್ರ ಎರಡೇ ನಿಮಿಷದ್ದಿರಲಿ, ಆ ಕೆಲಸ ಮಾಡುವವರ ಜೊತೆ ಹೋಗಿ ನಿಂತು ನೋಡಿ ಬರದೆ ಅವರು ಬಣ್ಣ ಹಚ್ಚಿದವರಲ್ಲ. ಪೋಸ್ಟ್‌ಮನ್ ಆಗಬೇಕಾದಾಗ ಮಾಸ್ತಿಯ ಪೋಸ್ಟ್‌ಮನ್ ಹಿಂದೆ ಬಿಸಿಲಲ್ಲಿ ಸೈಕಲ್ ತುಳಿದರು. ಮನೆಯಲ್ಲಿ ಮಾತು ಉರು ಹೊಡೆಯುವಾಗ ಎದುರು ಪಾತ್ರದ ಮಾತು ಓದಲು ಒಬ್ಬರು ಬೇಕಿತ್ತು. ಅದಕ್ಕೇ ನಾನು ರಾತ್ರಿ ಶಾಲೆಗೆ ಸೇರಿ ಅಕ್ಷರ ಕಲಿತಿದ್ದು. ಸೊಪ್ಪು ಬಿಡಿಸುತ್ತಾ ಅತ್ತೆಯ ಬೈಗುಳ, ಜಡ್ಜಿನ ತೀರ್ಪು, ರೌಡಿಯ ಧಮಕಿ ಎಲ್ಲಾ ಓದಿದ್ದೇನೆ.

ಒಂದೇ ಒಂದು ಕೊರಗು ಇತ್ತು. ಸಿನಿಮಾದಲ್ಲಿ ಅವರ ದನಿ ಒಮ್ಮೆಯೂ ಬಂದಿರಲಿಲ್ಲ. ಚಿತ್ರೀಕರಣದಲ್ಲಿ ಆಡಿದ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಆಡಿಸಿ ಸೇರಿಸುತ್ತಾರೆ. ಆ ಹೊತ್ತಿಗೆ ಇವರನ್ನು ಬಿಟ್ಟು ಬೇರೆಯವರನ್ನು ಕರೆಯುತ್ತಿದ್ದರು. "ನಿಮ್ಮ ಕನ್ನಡದಲ್ಲಿ ತೆಲುಗು ಇಣುಕುತ್ತೆ ಸಾರ್" ಅನ್ನುವುದು ಎಲ್ಲರೂ ಕೊಡುವ ಕಾರಣ. ಇವರು ಎದುರಾಡಿದವರೇ ಅಲ್ಲ. ಆದರೆ ಸ್ಟೇಷನ್ನಿನ ಹತ್ತಿರ ಟೀ ಕುಡಿಯುವಾಗ ಗೆಳೆಯ ಆವಲಪ್ಪ, "ಏನ್ಲಾ ಆಂಜಿ, ಮೂತಿ ನಿಂದು, ಗಂಟಲು ಯಾರ್ದು?" ಅಂತ ಕಿಚಾಯಿಸಿದ ದಿನ ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಹೋದ ವರ್ಷ ಚಂದ್ರಮೋಹನ್ ಎಂಬ ಹೊಸ ನಿರ್ದೇಶಕರು ಕರೆದರು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹರಾಜು ಕೂಗುವವನ ಪಾತ್ರ, ಇವರಿಗೆ ಸಿಕ್ಕಿದ್ದರಲ್ಲೇ ದೊಡ್ಡದು. ದನಿ ಮಾತ್ರ ಬೆಂಗಳೂರಿನವರೊಬ್ಬರದು ಎಂದು ಮೊದಲೇ ಹೇಳಿಬಿಟ್ಟರು. ಇವರು ಹೂಂ ಅಂದರು. ಆದರೂ ಚಿತ್ರೀಕರಣಕ್ಕೆ ಮುಂಚೆ ದಿನಾ ಬಸ್ಸು ಹತ್ತಿ ಮಂಡಿಗೆ ಹೋಗಿ, ಹರಾಜು ಕೂಗುವವರ ಪಕ್ಕ ನಿಂತು ಬಂದರು. ಮನೆಯ ಮುಂದೆ ಇಟ್ಟಿಗೆ ಗುಡ್ಡೆ ಹಾಕಿಕೊಂಡು ಕೂಗಿ ಕೂಗಿ ಅಭ್ಯಾಸ ಮಾಡಿದರು.

ಚಿತ್ರೀಕರಣದ ದಿನ ನಾನೂ ಜೊತೆಗೆ ಹೋಗಿದ್ದೆ. ಜನ ಕ್ಯಾಮೆರಾ ನೋಡಿ ಹಲ್ಲು ಕಿರಿಯಬಾರದೆಂದು ಅದನ್ನು ಲಾರಿಯ ಮೇಲೆ, ಗೋಣಿಚೀಲಗಳ ಸಂದಿಯಲ್ಲಿ ಬಚ್ಚಿಟ್ಟಿದ್ದರು. ಮಂಡಿಯ ಯಜಮಾನ ಮುನಿರಾಮಪ್ಪ ಒಂದು ಗುಡ್ಡೆ ಬಾದಾಮಿ ಮಾವು ಬಿಟ್ಟುಕೊಟ್ಟಿದ್ದರು. ಹೆಗಲ ಮೇಲೆ ಟವೆಲು ಹಾಕಿಕೊಂಡು ಇವರು ಗುಡ್ಡೆಯ ಪಕ್ಕ ನಿಂತು ಶುರುಮಾಡಿದರು. ಬರೆದುಕೊಟ್ಟ ಮಾತು ನಾಲ್ಕು ಸಾಲಿಗೆ ಮುಗಿಯಿತು. ಇವರು ನಿಲ್ಲಿಸಲಿಲ್ಲ. ಆಂಧ್ರದ ಕಡೆಯವರನ್ನು ನೋಡಿದಾಗ ತೆಲುಗು, ನಮ್ಮವರನ್ನು ನೋಡಿದಾಗ ಕನ್ನಡ. "ರಾಂಡಯ್ಯಾ ರಾಂಡಿ! ಬನ್ರಯ್ಯಾ ಬನ್ನಿ! ಸಕ್ಕರೆ ಹಣ್ಣು, ಮೂಸಿ ನೋಡಿ ಹೋಗಿ, ಮೂಸೋಕೆ ದುಡ್ಡಿಲ್ಲ! ಒಕಟೋ ಸಾರಿ! ರೆಂಡೋ ಸಾರಿ!"

ಅಷ್ಟರಲ್ಲಿ ಹಿಂದಿನ ಗೇಟಿನಿಂದ ಬಂದ ಒಬ್ಬರು ಜನರನ್ನು ಸರಿಸಿಕೊಂಡು ಮುಂದೆ ನುಗ್ಗಿ ಬೆಲೆ ಏರಿಸಿದರು. ಇನ್ನೊಬ್ಬರು ಅದರ ಮೇಲೆ ಏರಿಸಿದರು. ಇವರ ಕಣ್ಣಲ್ಲಿ ಒಂದು ಹೊಳಪು ಬಂತು. ಬಿಡಲೇ ಇಲ್ಲ. "ಮೂಡೋ ಸಾರಿ!" ಎಂದು ಟವೆಲು ಬೀಸಿ ಮುಗಿಸಿದರು.

"ಕಟ್!" ಎಂದು ಲಾರಿಯ ಮೇಲಿಂದ ಕೂಗಿದರು ಚಂದ್ರಮೋಹನ್.

ಹರಾಜು ಗೆದ್ದವರು ಮುಳಬಾಗಿಲಿನ ವ್ಯಾಪಾರಿ ರಾಮಚಂದ್ರಪ್ಪ. ಆಗಲೇ ಹಮಾಲರನ್ನು ಕರೆದು ಹಣ್ಣು ತುಂಬಿಸುತ್ತಿದ್ದರು.

"ಸಾರ್, ಇದು ಶೂಟಿಂಗು! ಹಣ್ಣು ಮುಟ್ಬೇಡಿ" ಎನ್ನುತ್ತಾ ಚಂದ್ರಮೋಹನ್ ಲಾರಿಯಿಂದ ಇಳಿದು ಬಂದರು.

"ಶೂಟಿಂಗೋ ಗೀಟಿಂಗೋ, ಕೂಗಿ ಮುಗಿಸಿದ ಮೇಲೆ ಮಾಲು ನಂದೇ ಕಣಪ್ಪಾ."

"ಅವರು ಆಕ್ಟರು. ಅದು ಆಕ್ಟಿಂಗು."

"ಆಕ್ಟಿಂಗು ಮಾಡ್ದವರು ಅವರು. ನಾನು ಮಾಡಿದ್ನಾ?"

ಮಂಡಿಯೇ ನಕ್ಕಿತು. ಮುನಿರಾಮಪ್ಪ ಬಂದು ಎಲ್ಲಾ ಕೇಳಿಸಿಕೊಂಡು, ಇವರ ಕಡೆ ತಿರುಗಿದರು. "ಆಂಜಿನಪ್ಪನೋರೆ, ಕೂಗಿದ್ದು ನೀವು. ಕೊಟ್ಟಂಗೋ, ಇಲ್ವೋ?"

"ಮೂರು ಸಾರಿ ಕೂಗಿದೀನಿ ಯಜಮಾನ್ರೇ. ಕೊಟ್ಟಂಗೇ."

"ಹಂಗಾದ್ರೆ ಎತ್ರೋ ಕ್ರೇಟು!" ಎಂದರು ಮುನಿರಾಮಪ್ಪ. ಖಾಲಿಯಾಗುತ್ತಿದ್ದ ಗುಡ್ಡೆಯನ್ನು ನೋಡುತ್ತಾ ಚಂದ್ರಮೋಹನ್ ತಲೆ ಕೆರೆದುಕೊಂಡರು. ಆಮೇಲೆ ತಾವೂ ನಕ್ಕುಬಿಟ್ಟರು.

ಎರಡು ತಿಂಗಳ ಮೇಲೆ ಅವರದೇ ಫೋನು. "ಅಣ್ಣಾ, ಬೆಂಗಳೂರಿನವರು ನಿಮ್ಮ ಬಾಯಿಗೆ ಮಾತು ಕೂರಿಸೋಕೆ ನೋಡಿದ್ರು. ಮಂಡಿ ಮಂಡಿ ಥರಾನೇ ಇಲ್ಲ. ನೀವೇ ಬನ್ನಿ."

ಸ್ಟುಡಿಯೋದಲ್ಲಿ ಇವರು ಗಾಜಿನ ಆಚೆ, ನಾನು ಈಚೆ. ದನಿ ಹಿಡಿಯುವ ಮುರಳಿಮೋಹನ್ ಮೈಕಿನಲ್ಲಿ ಹೇಳಿದರು, "ಸಾರ್, ಆ ತೆಲುಗು ಒಂದು ತೆಗೆದುಬಿಡಿ. ಶುದ್ಧವಾಗಿ ಒಂದನೇ ಸಾರಿ, ಎರಡನೇ ಸಾರಿ ಅನ್ನಿ."

ಇವರು ಕಿವಿಗೆ ಹಾಕಿದ್ದನ್ನು ತೆಗೆದರು. ಹೂಂ ಅಂದೇ ಅಂತಾರೆ ಎಂದುಕೊಂಡೆ. ಅಷ್ಟು ವರ್ಷ ಅಂದಿದ್ದು ಅದನ್ನೇ.

"ಅಂಗೆ ಬೇಕಂದ್ರೆ ಆ ಬೆಂಗಳೂರಿನೋರೇ ಮಾಡ್ಲಿ ಸ್ವಾಮಿ. ನಾನು ಕೂಗಿದ್ರೆ ಮಂಡಿಯೋರು ಕೂಗಿದಂಗೇ ಕೂಗೋದು. ಇಲ್ಲಾಂದ್ರೆ ರೈಲಿಗೆ ಹೊತ್ತಾಯ್ತು, ಹೊರಡ್ತೀನಿ."

ದೊಡ್ಡ ಪಾತ್ರ, ಬಾಗಿಲವರೆಗೆ ಬಂದ ಅವಕಾಶ. ಚಂದ್ರಮೋಹನ್ ನನ್ನ ಪಕ್ಕದಲ್ಲೇ ಕುಳಿತಿದ್ದರು. ಬಗ್ಗಿ ಮೈಕಿನ ಗುಂಡಿ ಒತ್ತಿದರು.

"ಮಂಡಿಯವರ ಥರಾನೇ ಕೂಗಿ ಅಣ್ಣ."

ಕೂಗಿದರು. ಪರದೆಯ ಮೇಲಿನ ಬಾಯಿಗೂ ಆ ಮಾತಿಗೂ ಒಂದು ಕೂದಲೆಳೆಯಷ್ಟೂ ಅಂತರ ಬೀಳಲಿಲ್ಲ. ಇನ್ನೊಮ್ಮೆ ಬೇಡವೇ ಬೇಡ ಎಂದರು ಮುರಳಿಮೋಹನ್. ಇವರು ಒಂದು ಸಾರಿ ಕೇಳಿಸಿ ಅಂದರು. ದೀಪ ಆರಿಸಿ ಆ ದೃಶ್ಯ ಹಾಕಿದರು. ತಮ್ಮ ಬಾಯಿಂದ ತಮ್ಮದೇ ದನಿ ಬರುವುದನ್ನು ಇವರು ಟವೆಲು ಹಿಡಿದುಕೊಂಡು ನಿಂತೇ ಕೇಳಿದರು.

ಹೊರಗೆ ಬಂದು ನನ್ನನ್ನು ಕೇಳಿದರು. "ನನ್ ದನಿ ಅಷ್ಟು ಜೋರಾಗೈತಾ?"

"ಮನೇಲಿ ಇನ್ನೂ ಜೋರು" ಅಂದೆ.