ಒಂದೇ ತಾಟು

ಕಾನಹೊಸಹಳ್ಳಿಯ ಹೆದ್ದಾರಿ ಬದಿಯಲ್ಲಿ ಹುಲುಗಣ್ಣ, ಶೇಖಾವಲಿ ಎಂದರೆ ಎಲ್ಲವನ್ನೂ ಹಂಚಿಕೊಳ್ಳುವ ಜೋಡಿ. ಚಹಾ ಒಂದೇ, ಬೀಡಿ ಒಂದೇ, ಮಂಡಕ್ಕಿ ತಾಟೂ ಒಂದೇ. ಹೊಟ್ಟೆಪಾಡಿಗೆ ಲಾರಿಯವರ ಜೊತೆ ಮಲಗುವುದು, ಅದನ್ನು ಮರೆಯಲು ಅಮಲಿನ ಇಂಜೆಕ್ಷನ್ ಚುಚ್ಚಿಕೊಳ್ಳುವುದು, ಅದೂ ಇಬ್ಬರ ಪಾಡೇ.

ಹೋದ ಬೇಸಿಗೆಯಲ್ಲೊಮ್ಮೆ ಹುಲುಗಣ್ಣನಿಗೆ ಸೂಜಿ ಸಿಗಲಿಲ್ಲ. ಅಮಲು ಇಳಿದು ಮೈ ಗಡಗಡ ನಡುಗುತ್ತಿತ್ತು. ಶೇಖಾವಲಿ ಚುಚ್ಚಿಕೊಂಡು ಮುಗಿಸಿದ ಸೂಜಿಗೆ ಕೈಚಾಚಿದ. ಶೇಖಾವಲಿ ಅದನ್ನು ಕಲ್ಲಿನ ಮೇಲಿಟ್ಟು ಚಪ್ಪಲಿಯಿಂದ ಜಜ್ಜಿಬಿಟ್ಟ!

"ಒಂದ ತಾಟಿನಾಗ ತಿಂದೋರು ನಾವು. ಸೂಜಿಗೆ ಜಿಪುಣತನ ಮಾಡ್ತಿಯೇನಲೇ?" ಎಂದು ಹುಲುಗಣ್ಣ ಅವನ ಕೆನ್ನೆಗೆ ಬಾರಿಸಿದ. ಪುಣ್ಯಾತ್ಮ ಕೆನ್ನೆ ಸವರಿಕೊಂಡು ಎದ್ದು ಹೋದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಈಗ ಜ್ವರ ಬಿಡದೆ ಕಾಡಿದಾಗ ಹುಲುಗಣ್ಣ ಕೂಡ್ಲಿಗಿಯ ಸರ್ಕಾರಿ ಆಸ್ಪತ್ರೆಗೆ ಬಂದ. ಎಚ್‌ಐವಿ ಪರೀಕ್ಷೆಗೆ ರಕ್ತ ಕೊಟ್ಟು, ಜೀವ ಕೈಯಲ್ಲಿ ಹಿಡಿದು ಕೂತ. ಸಲಹೆ ಹೇಳುವ ಗೀತಾಂಜಲಿ ಮೇಡಂ ಒಳಗೆ ಕರೆದರು.

"ಕಾಂಡೋಮ್ ಹಾಕ್ತೀರೇನ್ರಿ?"

"ಅಮಲಿನಾಗ ಯಾರಿಗೆ ನೆನಪಿರತೈತ್ರಿ?"

"ಇನ್ನೊಬ್ಬರ ಸೂಜಿ?"

"ಒಮ್ಮಿ ಚುಚ್ಚಿಕೊಳ್ಳಾಕ ಹೋಗಿದ್ದೆ. ದೋಸ್ತ ಕೊಡಲಿಲ್ರಿ."

"ದೊಡ್ಡ ಉಪಕಾರ ಮಾಡ್ಯಾನ. ಸದ್ಯ ನಿಮಗ ಸೋಂಕು ಕಂಡಿಲ್ಲ. ಹೊಸ ಸೋಂಕು ತಡವಾಗಿ ಕಾಣತೈತಿ, ಮೂರು ತಿಂಗಳು ಬಿಟ್ಟು ಮತ್ತ ಬರ್ರಿ. ಕಾಂಡೋಮ್ ಮರೀಬ್ಯಾಡ್ರಿ."

ಹೊರಗೆ ಬಂದರೆ, ಔಷಧಿ ಕಿಟಕಿಯ ಮುಂದೆ ಶೇಖಾವಲಿ! ಕೈಯಲ್ಲಿ ಗುಳಿಗೆ ಡಬ್ಬಿ. ಬಚ್ಚಿಡಲು ನೋಡಿದ, ಆಮೇಲೆ ಬಿಟ್ಟ.

"ನನಗ ಎಚ್‌ಐವಿ ಐತಿ, ಹುಲುಗ. ಆ ಬ್ಯಾಸಗಿಗಿಂತ ಮುಂಚೇನ ಗೊತ್ತಾಗಿತ್ತು."

"ಅವತ್ತ ಯಾಕ ಹೇಳಲಿಲ್ಲಲೇ?"

"ಹೇಳಿದ್ರ ನೀ ನನ್ನ ತಾಟಿನಾಗ ತಿಂತಿದ್ದಿಯೇನು? ಹೇಳಾಕ ಧೈರ್ಯ ಇರಲಿಲ್ಲ. ನಿನಗ ಹಚ್ಚಾಕ ಮನಸೂ ಬರಲಿಲ್ಲ."

ತಾಯಿ ಕೊಟ್ಟ ಜೀವವನ್ನು ಇವನು ಉಳಿಸಿ ಕೊಟ್ಟಿದ್ದ, ಅದೂ ಪೆಟ್ಟು ತಿಂದು. ಈ ಋಣ ಹೇಗೆ ತೀರಿಸುವುದೋ ಹುಲುಗಣ್ಣನಿಗೆ ತಿಳಿಯಲಿಲ್ಲ. ಗೆಳೆಯನ ರಟ್ಟೆ ಹಿಡಿದು ಎದುರಿನ ಮಂಡಕ್ಕಿ ಅಂಗಡಿಗೆ ಎಳೆದುಕೊಂಡು ಹೋದ.

"ಎರಡು ತಾಟು ಕೊಡ್ರಿ," ಎಂದ ಶೇಖಾವಲಿ.

"ಒಂದ ಸಾಕ್ರಿ," ಎಂದ ಹುಲುಗಣ್ಣ. "ಜೊತಿಗೆ ಉಂಡ್ರ ಇದು ಹತ್ತಂಗಿಲ್ಲ, ದಡ್ಡ. ಸೂಜಿಯಿಂದ ಹತ್ತತಿತ್ತು, ಅದನ್ನ ನೀನ ಜಜ್ಜಿ ಹಾಕಿದಿ."

ಮಂಡಕ್ಕಿ, ಮಿರ್ಚಿ ಬಜ್ಜಿಯ ತಾಟು ಬಂತು. ಶೇಖಾವಲಿ ಕೈ ಹಾಕಲಿಲ್ಲ, ತಲೆ ತಗ್ಗಿಸಿ ಕೂತಿದ್ದ. ಹುಲುಗಣ್ಣ ಮಿರ್ಚಿ ಮುರಿದು, ಅವತ್ತು ಹೊಡೆದ ಅದೇ ಕೈಯಿಂದ ದೊಡ್ಡ ತುಂಡನ್ನು ಅವನ ಬಾಯಿಗಿಟ್ಟ.