ಹದಿನಾರು ಮನೆಗೆ ಒಂದು ಸುದ್ದಿ

ರಾಮನಗರದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಹೇಳಿಕೊಡುವ ಪಾಠ ಇಷ್ಟೇ. ಹದಿನಾರು ಕಂಪ್ಯೂಟರುಗಳಿಗೆ ಒಂದು ಸುದ್ದಿ ಮುಟ್ಟಬೇಕಾದರೆ ಒಂದೇ ಯಂತ್ರ ಹದಿನೈದು ಸಲ ಬಾಯಿ ನೋಯಿಸಿಕೊಳ್ಳಬಾರದು. ಒಂದು ಇನ್ನೊಂದಕ್ಕೆ ಹೇಳಲಿ, ಆ ಎರಡೂ ಇನ್ನೆರಡಕ್ಕೆ, ಆ ನಾಲ್ಕೂ ಇನ್ನು ನಾಲ್ಕಕ್ಕೆ. ನಾಲ್ಕೇ ಸುತ್ತಿಗೆ ಎಲ್ಲರಿಗೂ ಗೊತ್ತಾಗುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ಬರೆದು ನನಗೆ ಜಂಬವೂ ಬಂದಿತ್ತು.

ಆ ಭಾನುವಾರ ಬೆಳಿಗ್ಗೆ ಹೊಂಗನೂರಿನಲ್ಲಿ ನನ್ನತ್ತೆ ಚಿಕ್ಕಲಕ್ಷ್ಮಮ್ಮ ತೋಟದಿಂದ ಬರಿಗೈಯಲ್ಲಿ ಬಂದು ಜಗಲಿಯ ಮೇಲೆ ಕುಸಿದರು. ಯಾರೋ ಟೊಮೇಟೊಗೆ ಹೊಡೆದ ಔಷಧಿ ಗಾಳಿಗೆ ಹಾರಿ ನಮ್ಮ ಹಿಪ್ಪುನೇರಳೆಯ ಮೇಲೆಲ್ಲ ಬಿದ್ದಿತ್ತು. ಆ ಸೊಪ್ಪು ತಿಂದರೆ ರೇಷ್ಮೆಹುಳು ಸಾಯುತ್ತವೆ. ಗೂಡು ಕಟ್ಟಲು ಮೂರೇ ದಿನ ಉಳಿದಿತ್ತು, ಉಪವಾಸ ಕೆಡವಿದರೂ ಸಾಯುತ್ತವೆ.

"ಇಪ್ಪತ್ತು ದಿನ ಮಕ್ಳಂಗೆ ಸಾಕಿದ್ನಲ್ಲವ್ವಾ" ಎಂದು ಅತ್ತುಬಿಟ್ಟರು.

ಊರವರು ಸೊಪ್ಪು ಕೊಯ್ದು ತೋಟದಿಂದ ಹೊರಡುವ ಮೊದಲೇ ತಿಳಿಸಿದರೆ ಮನೆಗೊಂದು ಹೊರೆ ಹೆಚ್ಚಿಗೆ ಕೊಯ್ದಾರು. ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಉತ್ತರವಾಗಿ ಗುಲಾಬಿ ಹೂವಿನ ಶುಭೋದಯ ಬಂತು. ಒಬ್ಬೊಬ್ಬರಿಗೇ ಫೋನ್ ಮಾಡೋಣವೆಂದರೆ, 'ಕಾಫಿ ಆಯ್ತಾ' ಇಲ್ಲದೆ ನಮ್ಮೂರಲ್ಲಿ ಮಾತು ಶುರುವಾಗುವುದಿಲ್ಲ. ಊರಲ್ಲಿ ರೇಷ್ಮೆ ಸಾಕುವ ಉಳಿದ ಹದಿನೈದು ಮನೆಗೆ ಒಂದು ಗಂಟೆ ಹಿಡಿಯುತ್ತಿತ್ತು. ಹಾಗಾಗಿ ನನ್ನ ಪಾಠವನ್ನೇ ಕಾಗದದ ಮೇಲೆ ಬರೆದು, ಅಕ್ಕಪಕ್ಕದ ತೋಟದವರು ಒಬ್ಬರಿಗೊಬ್ಬರು ಹೇಳುವಂತೆ ಜೋಡಿಸಿದೆ. ಮೊದಲು ತಿಮ್ಮಯ್ಯಣ್ಣನಿಗೆ ಮಾಡಿ, ಅವರು ಯಾರಿಗೆ ಹೇಳಬೇಕೆಂದೂ ತಿಳಿಸಿದೆ. ಅವರು "ಹುಚ್ಚಯ್ಯಂಗಾ?" ಎಂದು ಎರಡು ಸಲ ಕೇಳಿ ಫೋನ್ ಇಟ್ಟರು.

ನನ್ನ ನಾಲ್ಕು ಕರೆ ಮುಗಿದ ಮೇಲೆ ಅತ್ತೆ ಕಾಗದ ನೋಡಿದರು.

"ಅಯ್ಯೋ, ತಿಮ್ಮಯ್ಯನ ಕೈಲಿ ಹುಚ್ಚಯ್ಯಂಗೆ ಹೇಳ್ಸಿದ್ಯಾ? ಬದುನ ಜಗಳ ಆಗಿ ಒಂಬತ್ತು ವರ್ಸ ಆಯ್ತು. ಇಬ್ರೂ ಮುಖ ನೋಡಕ್ಕಿಲ್ಲ ಕಣವ್ವಾ!"

ಬದು ಹಂಚಿಕೊಂಡವರೇ ಜಗಳವಾಡುವುದೆಂದು ಈ ಮೇಡಂಗೆ ಹೊಳೆದಿರಲಿಲ್ಲ. ಹುಚ್ಚಯ್ಯಣ್ಣ ತೋಟಕ್ಕೆ ಫೋನ್ ಒಯ್ಯುವವರಲ್ಲ. ಅವರ ಮೂಲಕ ತಿಳಿಯಬೇಕಾದ ಮನೆಗಳು ಇನ್ನೂ ಮೂರು. ಆಗಲೇ ಹೊತ್ತು ಮೀರಿ ಗಾಡಿಗಳು ಊರ ಕಡೆ ತಿರುಗಿದ್ದವು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದುಕೊಂಡೆ.

ಒಂದೊಂದೇ ಹೊರೆ ಬಂದು ಅಂಗಳದಲ್ಲಿ ಬಿತ್ತು. ಅಖ್ತರಿ ಬೂಬಮ್ಮ ತಲೆಯ ಮೇಲೇ ಹೊತ್ತು ತಂದಿದ್ದರು. ಉಪಕಾರವಾಯಿತು ಎಂದರೆ ಬೈಯುವ ಜನ ಇವರು, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಹನ್ನೊಂದು ಹೊರೆಯಾಯಿತು. ಅತ್ತೆ ಕಣ್ಣಲ್ಲೇ ಅಳೆದು, "ಇನ್ನೂ ಒಸಿ ಬೇಕಿತ್ತು" ಎಂದರು.

ಆಗ ಟಿವಿಎಸ್ ಮೇಲೆ ಸೊಪ್ಪು ಹೇರಿಕೊಂಡು ಹುಚ್ಚಯ್ಯಣ್ಣ ಬಂದರು. ಹಿಂದೆ ಆ ಮೂರೂ ಮನೆಯವರು.

"ತಿಮ್ಮ ಬದುನ ಮೇಲೆ ನಿಂತ್ಕಂಡು 'ಅಣ್ಣ' ಅಂತ ಕೂಗ್ದ. ಇನ್ಯಾರ್ನೋ ಅಂತ ನಾನು ಹಿಂದಕ್ಕೆ ತಿರುಗಿ ನೋಡ್ದೆ. 'ಚಿಕ್ಕಲಕ್ಷ್ಮವ್ವನ ಹುಳ ಸಾಯ್ತವೆ' ಅಂದ. ಅಷ್ಟೇಯ."

ಅತ್ತೆ ಕೈಮುಗಿದರು. "ಬುಡವ್ವ ಅತ್ಲಾಗಿ" ಎಂದು ಗದರಿಸಿ ಹುಚ್ಚಯ್ಯಣ್ಣ ನನ್ನ ಕಡೆ ತಿರುಗಿದರು.

"ಮಗಾ, ತಿಮ್ಮನ ನಂಬರು ಒಸಿ ಬರ್ಕೊಡು. ಮಧ್ಯಾನಕ್ಕೆ ಎಷ್ಟು ಸೊಪ್ಪು ಬೇಕು ಅಂತ ಅವನ್ನ ಕೇಳ್ತೀನಿ."

ಎಷ್ಟು ಬೇಕೆಂದು ಗೊತ್ತಿದ್ದ ನಾವಿಬ್ಬರೂ ಅವರ ಎದುರಿಗೇ ನಿಂತಿದ್ದೆವು. ನನ್ನ ಕಾಗದದ ಹಿಂಬದಿಯಲ್ಲೇ ನಂಬರು ಬರೆದುಕೊಟ್ಟೆ.